ಕ್ಯಾಲ್ಗರಿಯ ಹಿಮಕ್ಕೆ ಮೈಸೂರಿನಲ್ಲಿ ಚಾವಣಿ: ತಿರುಗುವ ಕ್ಯಾಮೆರಾದ ಕೆಲಸ ಎಲ್ಲಿಗೆ ಬಂತು

ಜೂನ್

ಕೆನಡಾದ ಕ್ಯಾಲ್ಗರಿಯಲ್ಲಿರುವ ನನ್ನ ತಂಗಿಯ ಮನೆಯ ಗ್ಯಾರೇಜಿಗೆ ಹಾಕಿರುವ ಪಿಟಿಝಡ್ ಕ್ಯಾಮೆರಾಕ್ಕೆ (ಅಕ್ಕಪಕ್ಕ, ಮೇಲೆ ಕೆಳಗೆ ತಲೆ ತಿರುಗಿಸಬಲ್ಲ ಕಾವಲು ಕ್ಯಾಮೆರಾ) ಒಂದು ಹಿಮಚಾವಣಿಯನ್ನೂ ಸಣ್ಣ ಹೀಟರನ್ನೂ ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಸಿದ್ಧಪಡಿಸುತ್ತಿದ್ದೇನೆ. ಪರೀಕ್ಷೆಗೆಂದು ಅದೇ ಮಾದರಿಯ ಕ್ಯಾಮೆರಾ ಇಲ್ಲಿಯೂ ಒಂದಿದೆ.

ಅಲ್ಲಿನ ತೊಂದರೆ ಬರೀ ಚಳಿಯದಲ್ಲ. ರಾಕಿ ಪರ್ವತಗಳಿಂದ ಇಳಿಯುವ ಚಿನೂಕ್ ಎಂಬ ಬೆಚ್ಚನೆಯ ಗಾಳಿ ಚಳಿಗಾಲದ ನಡುವೆಯೇ ಕೆಲವು ಗಂಟೆಗಳಲ್ಲಿ ಉಷ್ಣಾಂಶವನ್ನು ಸೊನ್ನೆಯಿಂದ ಮೇಲಕ್ಕೆ ಎತ್ತುತ್ತದೆ. ಆಗ ಕರಗಿದ ಹಿಮ ಕ್ಯಾಮೆರಾದ ತಿರುಗುವ ತಲೆಗೂ ನಿಂತ ಬುಡಕ್ಕೂ ನಡುವಿನ ಸಂದಿಗೆ ಇಳಿದು, ಗಾಳಿ ನಿಂತೊಡನೆ ಅಲ್ಲಿಯೇ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಪ್ರತಿಶತ ಹಿಗ್ಗುವುದರಿಂದ ಸಂದಿ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಅಗ್ಗದ ಕ್ಯಾಮೆರಾಗಳಲ್ಲಿ ತಲೆಯನ್ನು ಹೆಜ್ಜೆಹೆಜ್ಜೆಯಾಗಿ ತಿರುಗಿಸುವ ಸ್ಟೆಪ್ಪರ್ ಮೋಟಾರಿಗೆ ತಾನು ನಿಜವಾಗಿ ತಿರುಗಿದೆನೋ ಇಲ್ಲವೋ ತಿಳಿಯುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಅದು ಹೆಜ್ಜೆಗಳನ್ನು ಎಣಿಸುತ್ತಾ ಹೋಗುತ್ತದೆ, ತಲೆ ಕದಲುವುದಿಲ್ಲ, ಕೊನೆಗೆ ಪ್ಲಾಸ್ಟಿಕ್ ಗಿಯರಿನ ಹಲ್ಲು ಸವೆಯುತ್ತದೆ.

ಜುಲೈ

ಚಾವಣಿಯನ್ನು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಅಲ್ಯೂಮಿನಿಯಂ ಹಾಳೆಯಿಂದ ಬಗ್ಗಿಸಿಕೊಂಡೆ. ಹಿಮ ನಿಲ್ಲದೆ ಜಾರಲೆಂದು ಇಳಿಜಾರನ್ನು ಕಡಿದಾಗಿಯೇ ಇಟ್ಟು, ಹನಿ ಒಳಕ್ಕೆ ತಿರುಗದಂತೆ ಅಂಚನ್ನು ಹೊರಕ್ಕೆ ಮಡಿಸಲಾಗಿದೆ. ಒಳಮೈಗೆ ಬಳಿಯುವ ಬಣ್ಣ ಮಾತ್ರ ನಿರೀಕ್ಷೆಗಿಂತ ಹೆಚ್ಚು ಸಮಯ ತೆಗೆದುಕೊಂಡಿತು, ಏಕೆಂದರೆ ನಮ್ಮ ಕಣ್ಣಿಗೆ ಕಪ್ಪಾಗಿ ಕಾಣುವ ಕೆಲವು ಬಣ್ಣಗಳು ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು ಚೆನ್ನಾಗಿಯೇ ಪ್ರತಿಫಲಿಸುತ್ತವೆ. ಅಂಥ ಬಣ್ಣ ಬಳಿದರೆ ರಾತ್ರಿ ಕ್ಯಾಮೆರಾದ ಸ್ವಂತ ಅವಗೆಂಪು ದೀಪವೇ ಲೆನ್ಸಿಗೆ ಹೊಡೆದು ಚಿತ್ರವೆಲ್ಲ ಬೆಳ್ಳಗಾಗುತ್ತದೆ. ತಗಡಿನ ತುಂಡುಗಳಿಗೆ ಬೇರೆಬೇರೆ ಕಪ್ಪು ಬಳಿದು, ಕತ್ತಲೆಯಲ್ಲಿ ಕ್ಯಾಮೆರಾದ ಮುಂದೆಯೇ ಹಿಡಿದು ನೋಡಿ ಆರಿಸಿದೆ.

ಹೀಟರಿನ ವಿಷಯದಲ್ಲಿ ಮೊದಲು ಲೆಕ್ಕ ಹಾಕುವುದು ಒಳ್ಳೆಯದು. ಸೊನ್ನೆ ಡಿಗ್ರಿಯಲ್ಲಿರುವ ಒಂದು ಗ್ರಾಂ ಮಂಜುಗಡ್ಡೆಯನ್ನು ಕರಗಿಸಲು ಸುಮಾರು 334 ಜೂಲ್ ಬೇಕು. ಎಂದರೆ 10 ವ್ಯಾಟ್‌ನ ಹೀಟರ್ ಒಂದಿಷ್ಟೂ ಶಾಖ ಪೋಲಾಗದಿದ್ದರೂ ಗಂಟೆಗೆ 108 ಗ್ರಾಂ ಮಾತ್ರ ಕರಗಿಸಬಲ್ಲದು. ಹೊಸದಾಗಿ ಬಿದ್ದ ಸಡಿಲ ಹಿಮವಾದರೆ ಅದು ಸುಮಾರು ಒಂದು ಲೀಟರ್. ಬೀಳುವ ಹಿಮವನ್ನೆಲ್ಲ ಕರಗಿಸುತ್ತೇನೆಂದು ಹೊರಡುವುದು ವ್ಯರ್ಥ. ಹಿಮವನ್ನು ಇಳಿಜಾರು ನೋಡಿಕೊಳ್ಳಲಿ, ಶಾಖ ಸಂದಿಯನ್ನು ಮಾತ್ರ ಕಾಯಲಿ ಎಂಬುದು ನನ್ನ ನಿಲುವು.

ಕೆನಡಾದ ಮನೆಗಳಲ್ಲಿ 120 ವೋಲ್ಟ್, ನಮ್ಮಲ್ಲಿ 230. ಆದ್ದರಿಂದ 24 ವೋಲ್ಟ್ ಡಿಸಿಯ ಸಿಲಿಕೋನ್ ಪಟ್ಟಿ ಹೀಟರನ್ನು ಬಳಸಿದ್ದೇನೆ. ಎರಡೂ ಕಡೆ ನಡೆಯುವ ಅಡಾಪ್ಟರ್ ಸುಲಭವಾಗಿ ಸಿಗುತ್ತದೆ.

ಆಗಸ್ಟ್

ಐಸ್‌ಕ್ರೀಮ್ ಅಂಗಡಿಯಿಟ್ಟಿರುವ ಗೆಳೆಯರೊಬ್ಬರು ತಮ್ಮ ಡೀಪ್ ಫ್ರೀಜರಿನ ಒಂದು ಭಾಗವನ್ನು ಬಿಟ್ಟುಕೊಟ್ಟರು. ಅಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಿದೆ. ಹಿಮಕ್ಕೆ ಗೋಲಾ ಯಂತ್ರದಲ್ಲಿ ಹೆರೆದ ಐಸೇ ಗತಿ. (ಹೆರೆದ ಐಸ್ ನಿಜವಾದ ಹಿಮಕ್ಕಿಂತ ಭಾರ, ಪರೀಕ್ಷೆ ಅಷ್ಟರಮಟ್ಟಿಗೆ ಕಠಿಣವಾಯಿತೆಂದುಕೊಂಡಿದ್ದೇನೆ.)

ಹೋಲಿಕೆಗಾಗಿ ಹೀಟರ್ ಪಟ್ಟಿಯನ್ನು ಮೊದಲು ಚಾವಣಿಯ ಅಡಿಗೆ ಅಂಟಿಸಿದೆ. ಐಸ್ ಕರಗಿತು, ನೀರು ಅಂಚಿನವರೆಗೆ ಹರಿಯಿತು, ಬೆಚ್ಚನೆಯ ಲೋಹ ಮುಗಿದ ಕಡೆ ಮತ್ತೆ ಗಟ್ಟಿಯಾಗಿ ಕೋಲುಕೋಲಾಗಿ ಇಳಿಬಿದ್ದಿತು; ಸ್ವಲ್ಪ ನೀರು ಹಿಂಬದಿಯಿಂದ ಸಂದಿಗೂ ಸೇರಿ ತಲೆ ಅಲುಗದಂತಾಯಿತು. ಚಾವಣಿಯನ್ನು ತಣ್ಣಗೇ ಬಿಟ್ಟು ಪಟ್ಟಿಯನ್ನು ಸಂದಿಯ ಸುತ್ತ ಉಂಗುರದಂತೆ ಕಟ್ಟಿದಾಗ ಐಸ್ ಹುಡಿಯಾಗಿಯೇ ಜಾರಿತು, ತಲೆ ಸಲೀಸಾಗಿ ತಿರುಗಿತು. ಅರೆಬರೆ ಶಾಖ ಕೊಡುವುದಕ್ಕಿಂತ ಕೊಡದಿರುವುದೇ ಮೇಲು ಎಂದು ಇದರಿಂದ ನನಗೆ ಖಾತ್ರಿಯಾಯಿತು.

ಇದೇ ಕಾರಣಕ್ಕೆ ಹೀಟರ್ ಸದಾ ಉರಿಯುವಂತಿಲ್ಲ. ಕಡುಚಳಿಯಲ್ಲಿ ಬೀಳುವ ಹಿಮ ಒಣಗಿರುತ್ತದೆ, ಅಂಟುವುದು ಕಡಿಮೆ; ಅದನ್ನು ಬಿಸಿ ಮಾಡಿದರೆ ನಾವೇ ನೀರನ್ನು ಸೃಷ್ಟಿಸಿದಂತೆ. ಡಿಎಸ್18ಬಿ20 ಎಂಬ ಉಷ್ಣಾಂಶ ಸಂವೇದಕವನ್ನು ಓದಿ, ಸೊನ್ನೆಯಿಂದ 3 ಡಿಗ್ರಿ ಮೇಲಿನಿಂದ 10 ಡಿಗ್ರಿ ಕೆಳಗಿನವರೆಗೆ ಮಾತ್ರ ಹೀಟರ್ ನಡೆಯುವಂತೆ ಸದ್ಯ ಪ್ರೋಗ್ರಾಂ ಬರೆದಿದ್ದೇನೆ. ಚಿನೂಕ್ ಮುಗಿದು ಉಷ್ಣಾಂಶ ಥಟ್ಟನೆ ಕುಸಿದಾಗ ಒದ್ದೆ ಸಂದಿ ಒಣಗುವಷ್ಟು ಹೊತ್ತು ಹೀಟರ್ ಮುಂದುವರಿಯಬೇಕು. ಆ ಭಾಗ ಇನ್ನೂ ಬಾಕಿಯಿದೆ. ಫ್ರೀಜರಿನೊಳಗೆ ಕಂಪ್ಯೂಟರ್ ಫ್ಯಾನ್ ಇಟ್ಟು ಗಾಳಿಯ ಪರೀಕ್ಷೆಯನ್ನೂ ಮಾಡಬೇಕು, ಏಕೆಂದರೆ ಬಿರುಗಾಳಿಯಲ್ಲಿ ಹಿಮದ ಹುಡಿ ಕೆಳಗಿನಿಂದಲೂ ನುಗ್ಗುತ್ತದೆ.

ಕ್ಯಾಲ್ಗರಿಯಲ್ಲಿ ಸೆಪ್ಟೆಂಬರಿನಲ್ಲೇ ಹಿಮ ಬೀಳುವುದುಂಟು, ಹಾಗಾಗಿ ಪಾರ್ಸೆಲ್ ಬೇಗ ಹೊರಡಬೇಕು. ಜೊತೆಗೆ ಹೋಗುವ ಚೀಟಿಯಲ್ಲಿ ಭಾವನವರಿಗೆ ಬರೆದಿರುವುದಿಷ್ಟು: ಕ್ಯಾಮೆರಾವನ್ನು ಸೂರಿನ ಕೆಳಗೆ ಗೋಡೆಗೆ ಒತ್ತಿ ಕೂರಿಸಬೇಕು, ಸೂರಿನ ಅಂಚಿನಿಂದ ಮಂಜಿನ ಕೋಲುಗಳು ಬೀಳುವ ಜಾಗ ಬೇಡ, ತಲೆ ಕಚ್ಚಿಕೊಂಡರೆ ಆ್ಯಪಿನಿಂದ ಮತ್ತೆಮತ್ತೆ ತಿರುಗಿಸಲು ಯತ್ನಿಸದೆ ತಾನಾಗಿ ಸುತ್ತುವ ವ್ಯವಸ್ಥೆಯನ್ನು ನಿಲ್ಲಿಸಬೇಕು, ಬಿಸಿನೀರನ್ನಂತೂ ಸುರಿಯಲೇಬಾರದು.