ಗಾಜಿನಲ್ಲಿ ಮೂರು ನಿಮಿಷದ ನೀರು

ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ ನನ್ನದೊಂದು ಚಿಕ್ಕ ಹಬೆ ದೋಣಿ ಇದೆ. 18 ಅಡಿ ಉದ್ದ, 3 ಎಚ್‌ಪಿ ಎಂಜಿನ್. ಅದರ ಜೊತೆ ಬಂದಿದ್ದ ಬಾಯ್ಲರ್ ನಮ್ಮ ಬಚ್ಚಲುಮನೆಯ ತಾಮ್ರದ ಬಾಯ್ಲರ್ ಇರುತ್ತಲ್ಲ, ಅದರದೇ ಜಾತಿ. ಸುತ್ತ ನೀರು, ನಡುವೆ ಬೆಂಕಿ ಹೋಗುವ ಕೊಳವೆ. ಮನೆಯದಕ್ಕೆ ಒಂದೇ ಕೊಳವೆ, ಇದಕ್ಕೆ 40. ಹಿಡಿಯುತ್ತಿದ್ದ ನೀರು 45 ಲೀಟರ್, ಹಬೆ ಏರಲು ಒಂದು ಗಂಟೆಗೂ ಜಾಸ್ತಿ ಬೇಕಿತ್ತು. ಕೊನೆಗೆ ಕೊಳವೆಗಳಿಗೆ ತುಕ್ಕು ಹಿಡಿದು ಗುಳಿ ಬಿದ್ದವು, ಇನ್ನು ಬೆಂಕಿ ಹಾಕುವಂತಿಲ್ಲ ಅಂತಾಯಿತು.

ಹೊಸದಕ್ಕೆ ಬ್ರಿಟಿಷ್ ಹಡಗು ಎಂಜಿನಿಯರ್ ಆಲ್ಫ್ರೆಡ್ ಯಾರ್ರೋ ಮಾದರಿ ಆರಿಸಿಕೊಂಡೆ. ಮೇಲೆ ಒಂದು ಡ್ರಮ್, ಕೆಳಗೆ ಎಡಕ್ಕೊಂದು ಬಲಕ್ಕೊಂದು ಚಿಕ್ಕ ಡ್ರಮ್, ನಡುವೆ ನೇರ ಕೊಳವೆಗಳು. ಇಲ್ಲಿ ನೀರು ಕೊಳವೆಯ ಒಳಗೆ, ಬೆಂಕಿ ಹೊರಗೆ. ಯಾರ್ರೋ ಮಾಡಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. 'ಯು' ಆಕಾರದ ಕೊಳವೆಯ ಒಂದು ಕಾಲನ್ನು ಕಾಯಿಸಿದರೆ ನೀರು ಅದರಲ್ಲಿ ಏರಿ ಇನ್ನೊಂದರಲ್ಲಿ ಇಳಿಯುತ್ತದೆ, ಸರಿ. ಇಳಿಯುವ ಕಾಲನ್ನೂ ಕಾಯಿಸಿದರೆ? ಹರಿವು ನಿಧಾನವಾಗಬೇಕು ಅಥವಾ ನಿಲ್ಲಬೇಕು ಅನ್ನಿಸುತ್ತದೆ ಅಲ್ವಾ? ಇನ್ನೂ ಜೋರಾಯಿತು! ಅದನ್ನು ನಂಬಿ ನಾನೂ ನೀರು ಇಳಿಯಲು ಹೊರಗಡೆ ಬೇರೆ ಕೊಳವೆ ಇಡಲಿಲ್ಲ.

72 ಕೊಳವೆ, ಅಂದರೆ 144 ತುದಿ. ಕತ್ತರಿಸಿದ್ದು, ತೂತು ಕೊರೆದದ್ದು, ಜೋಡಿಸಿದ್ದು ನಾನು. ವೆಲ್ಡಿಂಗ್ ಮಾತ್ರ ಅದಕ್ಕೆ ಸರ್ಟಿಫಿಕೇಟ್ ಇರುವವರಿಂದಲೇ ಮಾಡಿಸಿದೆ, ಅದರಲ್ಲಿ ರಾಜಿ ಇಲ್ಲ. ಒಂದು ಸಾಲು ಬೆಸೆದ ಮೇಲೇ ಮುಂದಿನ ಸಾಲು ಜೋಡಿಸಬೇಕು, ಇಲ್ಲದಿದ್ದರೆ ವೆಲ್ಡಿಂಗ್ ಟಾರ್ಚ್ ಒಳಗೆ ಹೋಗುವುದಿಲ್ಲ. ನಡೆಸುವ ಒತ್ತಡ 7 ಬಾರ್, ಹಾಗಾಗಿ ತಣ್ಣೀರು ತುಂಬಿ 14 ಬಾರ್‌ಗೆ ಪರೀಕ್ಷೆ. ತಣ್ಣೀರೇ ಯಾಕೆಂದರೆ, ಎಷ್ಟು ಒತ್ತಿದರೂ ನೀರು ಹೆಚ್ಚೇನೂ ಕುಗ್ಗುವುದಿಲ್ಲ, ಎಲ್ಲಾದರೂ ಬಿರುಕಿದ್ದರೆ ಜಿನುಗುತ್ತದೆ ಅಷ್ಟೇ, ಸಿಡಿಯುವುದಿಲ್ಲ. ಎರಡು ಕಡೆ ಜಿನುಗಿತು. ಮತ್ತೆ ಬೆಸೆದು ಮತ್ತೆ ಪರೀಕ್ಷೆ ಮಾಡಿಸಿದೆವು.

ಹೊಸದರಲ್ಲಿ ನೀರು ಬರೀ 14 ಲೀಟರ್. 20 ನಿಮಿಷಕ್ಕೆ ಹಬೆ ತಯಾರು! ಮೊದಲ ದಿನ ಒತ್ತಡ ತೋರಿಸುವ ಮುಳ್ಳು ಏರುವುದನ್ನು ನೋಡಿ ಆದ ಖುಷಿ ಹೇಳತೀರದು. ಇಲ್ಲಿನ ದೋಣಿಗಳಲ್ಲಿ ವಿಂಡರ್‌ಮಿಯರ್ ಕೆಟಲ್ ಅಂತ ಒಂದು ಇರುತ್ತದೆ, ಒಳಗಿನ ಸುರುಳಿಗೆ ಹಬೆ ಬಿಟ್ಟರೆ ಕೆಲವೇ ಸೆಕೆಂಡಿಗೆ ಟೀ ನೀರು ಕುದಿಯುತ್ತದೆ. ಅದನ್ನೂ ಹಾಕಿಸಿದೆ.

ಆದರೆ ಕಡಿಮೆ ನೀರು ಅಂದರೆ ಕಡಿಮೆ ಸಮಯ. ಪೂರ್ತಿ ಓಟದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್ ನೀರಿನ ಹಬೆ ಕುಡಿಯುತ್ತದೆ. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗೇಜ್ ಗಾಜಿನ ಅರ್ಧದಿಂದ ತಳಕ್ಕೆ ಇರುವುದು ಎರಡು ಲೀಟರಿಗೆ ಸ್ವಲ್ಪ ಜಾಸ್ತಿ. ಬಾಯ್ಲರಿಗೆ ನೀರು ತುಂಬುವ ಪಂಪ್ ನಿಂತರೆ ಕೈಯಲ್ಲಿರುವುದು ಮೂರು ನಿಮಿಷ.

ಒಂದು ಮಧ್ಯಾಹ್ನ ಸರೋವರದ ನಡುವೆ ಹಾಗೇ ಆಯಿತು. ಎಂಜಿನ್ನಿಂದ ಹಬೆಯ ಜೊತೆ ಬರುವ ಎಣ್ಣೆ ಬಾಯ್ಲರಿಗೆ ಹೋಗಬಾರದು ಅಂತ, ಆ ಹಬೆ ತಣಿದು ವಾಪಸ್ ಬರುವ ನೀರನ್ನು ಟವೆಲ್ ಬಟ್ಟೆಯಲ್ಲಿ ಸೋಸುತ್ತೇವೆ. ಅದರದೇ ಒಂದು ಎಳೆ ನೂಲು ಪಂಪಿನ ಚೆಕ್ ವಾಲ್ವ್‌ಗೆ (ನೀರನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ) ಸಿಕ್ಕಿಕೊಂಡಿತ್ತು. ಗಾಜಿನಲ್ಲಿ ನೀರು ಇಳಿಯುತ್ತಿರುವುದನ್ನು ಹೆಂಡತಿ ನೋಡಿ ಕೂಗಿದಳು. ಎಂಜಿನ್ ನಿಲ್ಲಿಸಿದೆ, ಬೆಂಕಿಗೆ ಗಾಳಿ ಮುಚ್ಚಿದೆ, ಕೈಪಂಪ್ ಹೊಡೆದೆ, ತೋಳು ಬಿದ್ದುಹೋಗುವವರೆಗೂ.

ಆಮೇಲಿನ ಬದಲಾವಣೆಗಳೆಲ್ಲ ನೀರಿನ ದಾರಿಯಲ್ಲೇ. ಎಂಜಿನ್ನಿನ ಪಂಪ್ ಎಂಜಿನ್ ನಿಂತರೆ ತಾನೂ ನಿಲ್ಲುತ್ತದೆ, ಅದಕ್ಕೇ ಒಂದು ಇಂಜೆಕ್ಟರ್ ಹಾಕಿದೆ. ಬಾಯ್ಲರಿನ ಹಬೆಯಿಂದಲೇ ಬಾಯ್ಲರಿಗೆ ನೀರು ತುಂಬುವ ಈ ಸಾಧನ 1858ರಿಂದ ಇದೆ, ಓಡಾಡುವ ಭಾಗಗಳೇ ಇಲ್ಲ. ಬಾಯ್ಲರಿಗೆ ಹೋಗುವ ನೀರನ್ನು ಎಂಜಿನ್ ಬಿಟ್ಟ ಹಬೆಯಿಂದ ಕಾಯಿಸುವ ಸುರುಳಿಯನ್ನೂ ಸೇರಿಸಿದೆ. 15 ಡಿಗ್ರಿಯ ನೀರು 80ಕ್ಕೆ ಬಂದರೆ ಶೇ. 10ರಷ್ಟು ಶಾಖ ಉಳಿಯುತ್ತದೆ, ತಣ್ಣೀರು ಬಿದ್ದಾಗಲೆಲ್ಲ ಒತ್ತಡ ಕುಸಿಯುವುದೂ ತಪ್ಪಿತು. ಬಿಸಿನೀರು ಕೊಟ್ಟರೆ ಇಂಜೆಕ್ಟರ್ ಕೆಲಸ ಮಾಡುವುದಿಲ್ಲ, ಅದಕ್ಕೆ ತಣ್ಣೀರಿನ ಬೇರೆ ದಾರಿ ಕೊಡಬೇಕು. ಇದನ್ನು ಮಾತ್ರ ಮರೆಯಬೇಡಿ.

ಈಗ ದಡ ಬಿಡುವ ಮುಂಚೆ ಇಂಜೆಕ್ಟರ್, ಕೈಪಂಪ್ ಎರಡರಿಂದಲೂ ಒಮ್ಮೆ ನೀರು ಹೊಡೆದು ನೋಡುತ್ತೇನೆ. ಆಮೇಲೆ ಗಾಜಿನ ಕೆಳಗಿನ ನಲ್ಲಿ ಬಿಟ್ಟು ಮುಚ್ಚುತ್ತೇನೆ. ನೀರು ಥಟ್ಟನೆ ಮೇಲೇರಬೇಕು. ನಿಧಾನಕ್ಕೆ ಏರಿದರೆ ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ, ಅದನ್ನು ಬಿಚ್ಚಿ ತೊಳೆಯುವವರೆಗೆ ದೋಣಿ ಹೊರಡುವುದಿಲ್ಲ.