ಪಟ್ಟಿಯಲ್ಲಿ ಇಲ್ಲದ ಸ್ಟ್ರಿಂಗ್

ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಿಂದ ಕಟ್ಟಿದ ಕೆಲವು ಸ್ಟ್ರಿಂಗ್‌ಗಳನ್ನು, ಎಂದರೆ ಅಂಕಿಗಳ ಸಾಲುಗಳನ್ನು, ಕೊಟ್ಟಿರುತ್ತಾರೆ. ಅವುಗಳ ಸಂಖ್ಯೆಯನ್ನು ಎನ್ ಎನ್ನೋಣ, ಪ್ರತಿಯೊಂದರ ಉದ್ದವೂ ಎನ್. ಅದೇ ಉದ್ದದ, ಆದರೆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲದ ಇನ್ನೊಂದು ಸ್ಟ್ರಿಂಗನ್ನು ನಾವು ಕೊಡಬೇಕು. ಪ್ರೋಗ್ರಾಮಿಂಗ್ ಸಮಸ್ಯೆಗಳನ್ನು ಅಭ್ಯಾಸ ಮಾಡುವ ಲೀಟ್‌ಕೋಡ್ ಜಾಲತಾಣದಲ್ಲಿ ಇದು 1980ನೆಯ ಸಂಖ್ಯೆಯ ಸಮಸ್ಯೆ. ಅಲ್ಲಿ ಎನ್ 16ನ್ನು ಮೀರುವುದಿಲ್ಲ. ಹಿಂಜವಡಿಯ ಕಂಪನಿಗಳ ಇಂಟರ್‌ವ್ಯೂಗೆಂದು ಧಾರವಾಡದಿಂದ ಪುಣೆಗೆ ಬಂದು ನಮ್ಮ ಮನೆಯಲ್ಲಿ ಉಳಿದುಕೊಂಡಿರುವ ಅಕ್ಕನ ಮಗ ಇದನ್ನು ತಂದು ನನ್ನ ಮುಂದಿಟ್ಟಾಗ, ಇಷ್ಟು ಸಣ್ಣ ಪ್ರಶ್ನೆಯಲ್ಲಿ ಇಷ್ಟೊಂದು ವಿಚಾರ ಅಡಗಿದೆಯಲ್ಲ ಎಂದು ನನಗೆ ಹೊಸದಾಗಿ ಸಂತೋಷವಾಯಿತು.

ಅವನ ಮೊದಲ ಉತ್ತರ ನೇರವಾಗಿತ್ತು. ಪಟ್ಟಿಯ ಸ್ಟ್ರಿಂಗ್‌ಗಳನ್ನೆಲ್ಲ ಬೈನರಿ ಸಂಖ್ಯೆಗಳೆಂದು ಓದಿ ಒಂದು ಸೆಟ್‌ಗೆ ಹಾಕಿ, ಸೊನ್ನೆಯಿಂದ ಎನ್‌ವರೆಗೆ ಒಂದೊಂದಾಗಿ ಹುಡುಕುತ್ತ ಹೋಗುವುದು. ಪಟ್ಟಿಯಲ್ಲಿರುವುದು ಎನ್ ಸಂಖ್ಯೆಗಳು ಮಾತ್ರ, ನಾವು ಪರೀಕ್ಷಿಸುವುದು ಎನ್‌ಗಿಂತ ಒಂದು ಹೆಚ್ಚು. ಆದ್ದರಿಂದ ಅವುಗಳಲ್ಲಿ ಒಂದಾದರೂ ಪಟ್ಟಿಯ ಹೊರಗೆ ಸಿಕ್ಕೇ ಸಿಗಬೇಕು. ಇದರಲ್ಲಿ ತಪ್ಪೇನೂ ಇಲ್ಲ, ಇಂಟರ್‌ವ್ಯೂನಲ್ಲಿ ಇಷ್ಟೇ ಬರೆದರೂ ನಡೆಯುತ್ತದೆ. ಆದರೆ ಇದು ಹುಡುಕುವ ದಾರಿ. ಹುಡುಕದೆ ಕಟ್ಟುವ ದಾರಿ ಇನ್ನೊಂದಿದೆ, ನನಗೆ ಹಿಡಿಸುವುದು ಅದು.

ನಾಲ್ಕು ಸ್ಟ್ರಿಂಗ್‌ಗಳನ್ನು ಒಂದರ ಕೆಳಗೆ ಒಂದು ಬರೆದುಕೊಳ್ಳೋಣ:

0110
1011
0010
1100

ಮೊದಲನೆಯದರ ಮೊದಲ ಅಂಕಿ 0, ಎರಡನೆಯದರ ಎರಡನೆಯ ಅಂಕಿ 0, ಮೂರನೆಯದರ ಮೂರನೆಯದು 1, ನಾಲ್ಕನೆಯದರ ನಾಲ್ಕನೆಯದು 0. ಹೀಗೆ ಕರ್ಣದುದ್ದಕ್ಕೂ ಇಳಿದು ಬಂದರೆ 0010 ಸಿಗುತ್ತದೆ. ಇದನ್ನೇ ಉತ್ತರವೆಂದು ಬರೆದು ಎದ್ದುಬಿಡುವವರಿದ್ದಾರೆ, ಆದರೆ ಅದು ಪಟ್ಟಿಯ ಮೂರನೆಯ ಸಾಲಿನಲ್ಲೇ ಕುಳಿತಿದೆ! ಪ್ರತಿ ಅಂಕಿಯನ್ನೂ ತಿರುವಿಹಾಕಿದಾಗ ಬರುವ 1101 ನಿಜವಾದ ಉತ್ತರ. ಅದು ಮೊದಲ ಸಾಲಿಗಿಂತ ಮೊದಲ ಸ್ಥಾನದಲ್ಲಿ, ಎರಡನೆಯ ಸಾಲಿಗಿಂತ ಎರಡನೆಯ ಸ್ಥಾನದಲ್ಲಿ, ಹೀಗೆ ಪ್ರತಿಯೊಂದಕ್ಕಿಂತಲೂ ಗೊತ್ತಾದ ಒಂದು ಸ್ಥಾನದಲ್ಲಿ ಬೇರೆಯಾಗಿರುವುದರಿಂದ, ಪಟ್ಟಿಯನ್ನು ಮತ್ತೆ ತಡಕಿ ನೋಡುವ ಅಗತ್ಯವೇ ಇಲ್ಲ.

ಈ ಯುಕ್ತಿ ಗಣಿತಜ್ಞ ಗಿಯೋರ್ಗ್ ಕ್ಯಾಂಟರ್‌ನದು. ಅನಂತ ಗಣಗಳಲ್ಲೂ ಒಂದು ಇನ್ನೊಂದಕ್ಕಿಂತ ದೊಡ್ಡದಿರಬಹುದೆಂದು ಅವನು 1874ರಲ್ಲೇ ಬೇರೊಂದು ಬಗೆಯಲ್ಲಿ ತೋರಿಸಿದ್ದ. ಕರ್ಣದ ವಾದ ಬಂದದ್ದು 1891ರ ಲೇಖನದಲ್ಲಿ. ಅಲ್ಲಿ ಅವನು ಎಂ ಮತ್ತು ಡಬ್ಲ್ಯು ಎಂಬ ಎರಡೇ ಅಕ್ಷರಗಳ ಕೊನೆಯಿಲ್ಲದ ಸಾಲುಗಳನ್ನು ಪಟ್ಟಿ ಮಾಡಿ, ಪಟ್ಟಿಯಲ್ಲಿಲ್ಲದ ಸಾಲೊಂದನ್ನು ಕಟ್ಟಿ ತೋರಿಸಿದ. ಎಂದರೆ ನಮ್ಮ ಇಂಟರ್‌ವ್ಯೂ ಪ್ರಶ್ನೆ ಆ ಲೇಖನದ ಮೊಟಕುಗೊಳಿಸಿದ ರೂಪವೇ ಹೊರತು ಬೇರೇನೂ ಅಲ್ಲ.

"ಮಾಮಾ, ಹದಿನಾರರಾಗ ಹನ್ನೆರಡು ಖಾಲಿ ಅದಾವ, ಕಣ್ಣ ಮುಚ್ಚಿ ಒಂದು ಒಗದ್ರೂ ನಡೀತದಲ್ಲ?" ಎಂದು ಹುಡುಗ ಕೇಳಿದ. ನಾಲ್ಕು ಅಂಕಿಗಳ ಸ್ಟ್ರಿಂಗ್‌ಗಳು ಒಟ್ಟು ಹದಿನಾರು, ನಮ್ಮ ಪಟ್ಟಿಯಲ್ಲಿರುವುದು ನಾಲ್ಕೇ, ಆದ್ದರಿಂದ ಪ್ರಶ್ನೆ ನ್ಯಾಯವಾದದ್ದೇ. ಎನ್ 16 ಆದಾಗ ಒಟ್ಟು 65,536 ಸ್ಟ್ರಿಂಗ್‌ಗಳಿರುತ್ತವೆ. ಊಹೆ ಪಟ್ಟಿಯೊಳಗೆ ಬೀಳುವ ಸಂಭವ 4,096ರಲ್ಲಿ ಒಂದು. ಇಂಥ ಊಹೆಯನ್ನೇ ನಂಬಿ ನಡೆಯುವ ಕಡೆಯೂ ಇದೆ: ಅಟ್ಯಾಚ್‌ಮೆಂಟ್ ಇರುವ ಇಮೇಲ್‌ನ ಭಾಗಗಳ ನಡುವೆ ಗಡಿಯಾಗಿ ನಿಲ್ಲುವ ಸ್ಟ್ರಿಂಗ್ ಆ ಭಾಗಗಳೊಳಗೆ ಬರಕೂಡದು. ಅದಕ್ಕೆ ಎಪ್ಪತ್ತು ಅಕ್ಷರಗಳವರೆಗೆ ಅವಕಾಶವಿದೆ, ಸಾಮಾನ್ಯವಾಗಿ ಪ್ರೋಗ್ರಾಮುಗಳು ಅಲ್ಲಿ ಯಾದೃಚ್ಛಿಕ ಅಕ್ಷರಗಳನ್ನೇ ತುಂಬುತ್ತವೆ. ಆದರೂ ಕರ್ಣದ ವಿಧಾನಕ್ಕೆ ಊಹೆಗಿಲ್ಲದ ಒಂದು ಗುಣವಿದೆ: ಅದು ಪ್ರತಿ ಸಾಲಿನಿಂದ ಒಂದೇ ಅಂಕಿಯನ್ನು ನೋಡುತ್ತದೆ, ಮತ್ತು ಖಚಿತವಾದ ಉತ್ತರ ಬೇಕೆನ್ನುವ ಯಾವ ವಿಧಾನವೂ ಅದಕ್ಕಿಂತ ಕಡಿಮೆ ನೋಡಿ ಪಾರಾಗಲಾರದು. ಒಂದು ಸಾಲನ್ನು ನೀವು ನೋಡಲೇ ಇಲ್ಲವೆಂದರೆ, ನಿಮ್ಮ ಉತ್ತರ ಆ ಸಾಲೇ ಆಗಿರಲಿಕ್ಕಿಲ್ಲ ಎಂದು ಹೇಳುವುದು ಹೇಗೆ?

ಸಾಲುಗಳ ಸಂಖ್ಯೆ ಉದ್ದಕ್ಕಿಂತ ಹೆಚ್ಚಾದರೆ ಕರ್ಣ ಸಾಲದು. ಆಗ ಒಂದೊಂದೇ ಸ್ಥಾನದಲ್ಲಿ ಕಡಿಮೆ ಜನಸಂದಣಿಯ ಕಡೆಗೆ ತಿರುಗುತ್ತ ಹೋಗಬೇಕು. 000, 010, 011, 101, 110 ಎಂಬ ಐದರಲ್ಲಿ 1ರಿಂದ ಶುರುವಾಗುವವು ಎರಡೇ, ಆದ್ದರಿಂದ 1 ಬರೆಯುತ್ತೇವೆ. ಆ ಎರಡರಲ್ಲಿ ಮುಂದಿನ ಅಂಕಿ 0 ಇರುವುದು ಒಂದು, 1 ಇರುವುದು ಒಂದು, ಯಾವುದಾದರೂ ಸರಿ, 0 ಇರಲಿ. ಉಳಿದ 101ನ್ನು ತಪ್ಪಿಸಲು ಕೊನೆಗೆ 0. ಉತ್ತರ 100. ಪ್ರತಿ ಹೆಜ್ಜೆಗೂ ಉಳಿಯುವ ಸಾಲುಗಳು ಅರ್ಧ ಅಥವಾ ಅದಕ್ಕಿಂತ ಕಡಿಮೆಯಾಗುವುದರಿಂದ, ಮೊದಲಲ್ಲಿ ಒಂದು ಜಾಗ ಖಾಲಿ ಇದ್ದರೂ ಸಾಕು, ನಾವು ಅಲ್ಲಿಗೆ ತಲುಪುತ್ತೇವೆ.

ಅಂಕಿಗಳ ಬದಲು ಕನ್ನಡದ ಹೆಸರುಗಳನ್ನು ಕೊಟ್ಟರೇನಾಗುತ್ತದೆ ಎಂಬುದನ್ನೂ ನೋಡಿದೆವು, ಅಲ್ಲಿ ತೊಡಕು ಬೇರೆಯೇ. "ಮೀರಾ" ಎಂಬ ಹೆಸರಿನ ದೀರ್ಘ ಈಕಾರವನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ, ಒಂದೇ ಸಂಕೇತವಾಗಿಯೂ ಇಡಬಹುದು, ಹ್ರಸ್ವ ಇಕಾರ ಮತ್ತು ದೀರ್ಘದ ಗುರುತು ಎಂಬ ಎರಡು ಸಂಕೇತಗಳಾಗಿಯೂ ಇಡಬಹುದು. ಕಾಗುಣಿತದ ಗುರುತುಗಳೂ ಪ್ರತ್ಯೇಕ ಸಂಕೇತಗಳೇ ಆದ್ದರಿಂದ ಮೊದಲ ಬಗೆಯಲ್ಲಿ ಹೆಸರಿನ ಉದ್ದ ನಾಲ್ಕು, ಎರಡನೆಯದರಲ್ಲಿ ಐದು. ಪ್ರೋಗ್ರಾಮಿಗೆ ಅವು ಬೇರೆಬೇರೆ, ಓದುವವರ ಕಣ್ಣಿಗೆ ಒಂದೇ. ಆದ್ದರಿಂದ ಹೋಲಿಸುವ ಮೊದಲು ಎಲ್ಲ ಹೆಸರುಗಳನ್ನೂ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರಬೇಕು. ಆಮೇಲೆ ಕರ್ಣದಲ್ಲಿ ಸಿಕ್ಕ ಸಂಕೇತ "ಕ" ಆಗಿದ್ದರೆ "ಗ", ಬೇರೆ ಏನೇ ಇದ್ದರೂ "ಕ" ಎಂದು ಬರೆದರೆ ಸಾಕು. ಹೆಸರುಗಳ ಉದ್ದ ಒಂದೇ ಇರಬೇಕೆಂದೂ ಇಲ್ಲ: ಆ ಸ್ಥಾನದವರೆಗೆ ಬರದಷ್ಟು ಹೆಸರು ಚಿಕ್ಕದಾಗಿದ್ದರೆ "ಕ" ಬರೆದುಬಿಡಬಹುದು, ಏಕೆಂದರೆ ಉದ್ದವೇ ಅದನ್ನು ಬೇರೆ ಮಾಡುತ್ತದೆ. ಕಮಲ, ಗೀತಾ, ಮೀರಾ ಎಂಬ ಮೂವರಿಗೆ ಈ ನಿಯಮ ಕೊಡುವ ಹೊಸ ಹೆಸರು "ಗಕಕ".