ವುಡ್‌ವರ್ಡ್ ರಸ್ತೆಯಲ್ಲಿ ರೋಡ್ ರನ್ನರ್ ಹುಡುಕಿಕೊಂಡು

ಡೆಟ್ರಾಯಿಟ್ ಕಡೆ ಹೋಗುವ ಯೋಚನೆ ಇದ್ದರೆ ಆಗಸ್ಟ್ ತಿಂಗಳ ಮೂರನೇ ಶನಿವಾರಕ್ಕೆ ಹೊಂದಿಸಿಕೊಳ್ಳಿ. ಅವತ್ತು ವುಡ್‌ವರ್ಡ್ ಅವೆನ್ಯೂದಲ್ಲಿ ‘ಡ್ರೀಮ್ ಕ್ರೂಸ್’. ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಊರಿನವರೆಗೆ ಸುಮಾರು 26 ಕಿಲೋಮೀಟರ್ ಉದ್ದಕ್ಕೂ ಹಳೇ ಕಾರುಗಳ ಮೆರವಣಿಗೆ. 1995ರಲ್ಲಿ ಶುರುವಾದದ್ದು. ನೋಡೋಕೆ ಟಿಕೆಟ್ ಇಲ್ಲ.

ನಾವು ಹತ್ತಿರದ ಟ್ರಾಯ್ ಊರಿನಲ್ಲಿ ಅಕ್ಕನ ಮನೆಯಲ್ಲಿದ್ದೆವು. ತಿಂಡಿ ಮುಗಿಸಿ ನಿಧಾನವಾಗಿ ಹೊರಟೆವು, ಹಾಗೆ ಮಾಡಬೇಡಿ. ಬೆಳಿಗ್ಗೆ ಎಂಟರೊಳಗೆ ತಲುಪಿ, ಕಾರನ್ನು ಒಳರಸ್ತೆಯಲ್ಲಿ ನಿಲ್ಲಿಸಿ ನಡೆಯಿರಿ. ಮಡಚುವ ಕುರ್ಚಿ, ಟೋಪಿ, ನೀರು ಬೇಕೇ ಬೇಕು. ಬುತ್ತಿ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು. ಜನಜಂಗುಳಿ ಆಗದವರು ಗುರುವಾರ ಸಂಜೆಯೇ ಹೋಗಿ, ಆಗಲೇ ಬೇಕಾದಷ್ಟು ಕಾರು ಓಡಾಡುತ್ತಿರುತ್ತವೆ.

ಎಲ್ಲರೂ ಮಸ್ಟಾಂಗ್, ಕಮಾರೋ ಹಿಂದೆ ಓಡುತ್ತಾರೆ. ನಾನು ಹುಡುಕಿದ್ದು ಪ್ಲಿಮತ್ ಕಂಪನಿಯ ರೋಡ್ ರನ್ನರ್ ಕಾರು. 1968ರ ಹೊತ್ತಿಗೆ ಮಸಲ್ ಕಾರುಗಳ, ಅಂದರೆ ದೊಡ್ಡ ಎಂಜಿನ್ನಿನ ವೇಗದ ಕಾರುಗಳ, ಬೆಲೆ ಏರಿಬಿಟ್ಟಿತ್ತು. ಶಕ್ತಿ ಬೇಕು, ಜೇಬಲ್ಲಿ ದುಡ್ಡಿಲ್ಲ ಅನ್ನುವ ಹುಡುಗರಿಗಾಗಿ ಪ್ಲಿಮತ್ ಈ ಕಾರು ಮಾಡಿತು. 335 ಕುದುರೆಶಕ್ತಿಯ, 383 ಘನ ಇಂಚಿನ ಎಂಜಿನ್ ಇಟ್ಟು, ಬೇಡದ್ದನ್ನೆಲ್ಲ ಕಿತ್ತು ಹಾಕಿತು. ಬೆಲೆ 2,896 ಡಾಲರಿಂದ ಶುರು. ‘ಬೀಪ್ ಬೀಪ್’ ಅಂತ ಕೂಗುತ್ತಾ ಓಡುವ ರೋಡ್ ರನ್ನರ್ ಅನ್ನೋ ಕಾರ್ಟೂನ್ ಹಕ್ಕಿಯ ಹೆಸರಿಗೆ ಮಾತ್ರ ವಾರ್ನರ್ ಬ್ರದರ್ಸ್‌ಗೆ 50,000 ಡಾಲರ್ ಕೊಟ್ಟರು!

ಬರ್ಮಿಂಗ್‌ಹ್ಯಾಮ್ ಹತ್ತಿರ ಒಂದು ಸಿಕ್ಕಿತು. 1968ರದ್ದು, ಹಸಿರು ಬಣ್ಣ. ಒಳಗೆ ಮುಂದೆ ಒಂದೇ ಉದ್ದನೆಯ ಸೀಟು. ಕಾಲಡಿ ಕಾರ್ಪೆಟ್ ಇಲ್ಲ, ಬರೀ ರಬ್ಬರ್ ಮ್ಯಾಟ್. ಹಿಂದಿನ ಕಿಟಕಿಯ ಗಾಜು ಕೆಳಗೆ ಇಳಿಯುವುದಿಲ್ಲ, ಹೊರಗೆ ಸ್ವಲ್ಪ ತೆರೆದುಕೊಳ್ಳುತ್ತದೆ ಅಷ್ಟೇ. ಆ ಬಡತನವೇ ನನಗೆ ತುಂಬಾ ಹಿಡಿಸಿತು. ಕಾರಿನ ಯಜಮಾನರು ಅರವತ್ತು ದಾಟಿದವರು. ಕೇಳಿದ್ದಕ್ಕೆ ಖುಷಿಯಿಂದ ಬಾನೆಟ್ ಎತ್ತಿ ತೋರಿಸಿದರು, ಹಾರ್ನ್ ಒತ್ತಿದರು. ‘ಬೀಪ್ ಬೀಪ್!’ ನನ್ನ ಮಗಳು ಮೂರು ಸಲ ಒತ್ತಿಸಿದಳು.

ಕೇಳದೆ ಕಾರು ಮುಟ್ಟಬೇಡಿ. ಅಸಲಿಯೋ ಅಲ್ವೋ ಅಂತ ನೋಡಬೇಕಾದರೆ ಮುಂದಿನ ಗಾಜಿನ ಮೂಲಕ ಡ್ಯಾಶ್‌ಬೋರ್ಡ್ ಮೇಲೆ, ಡ್ರೈವರ್ ಬದಿಗೆ ಕಣ್ಣು ಹಾಯಿಸಿ. ಅಲ್ಲಿರುವ ಸಣ್ಣ ತಗಡಿನ ನಂಬರ್ ‘ಆರ್‌ಎಂ’ ಅಂತ ಶುರುವಾಗಬೇಕು. ಬೇರೆ ಅಕ್ಷರ ಇದ್ದರೆ ಅದು ಪ್ಲಿಮತ್‌ನದೇ ಮಾಮೂಲಿ ಕಾರುಗಳಾದ ಬೆಲ್ವಡೀರ್ ಅಥವಾ ಸ್ಯಾಟಲೈಟ್‌ಗೆ ಹಕ್ಕಿಯ ಚಿತ್ರ ಅಂಟಿಸಿದ್ದು.